ಭೀಮೆಯಿಂದ ಕೃಷ್ಣೆಗೆ: ಬಾಗೇವಾಡಿಯ ಶ್ರಾವಣ ಜಾತ್ರೆಯ ದಾರಿ

ವಿಜಯಪುರ ಜಿಲ್ಲೆಯ ಪೂರ್ವದ ಸೀಮೆಯಲ್ಲಿ ಪ್ರವಾಸ ಕೈಕೊಳ್ಳಬೇಕೆಂದಿರುವವರು ಭೂಪಟವನ್ನು ಬಿಚ್ಚುವುದಕ್ಕೆ ಮೊದಲು ಪಂಚಾಂಗವನ್ನು ಬಿಚ್ಚುವುದು ಲೇಸು; ಏಕೆಂದರೆ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹೊಳೆಯ ಕರಿಯ ಎರೆಭೂಮಿ, ಹೀಗೆ ಹಬ್ಬಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳಲ್ಲಿ ಯಾವ ಊರನ್ನು ಯಾವಾಗ ನೋಡತಕ್ಕದ್ದೆಂಬುದನ್ನು ತಿಥಿವಾರಗಳೇ ನಿರ್ಣಯಿಸುತ್ತವೆ. ಬೇಸಗೆಯ ಒಂದು ಮಧ್ಯಾಹ್ನದಲ್ಲಿ ಬೇವಿನ ನೆರಳಿನ ಕಟ್ಟೆಯ ಮೇಲೆ ನಾಲ್ವರು ಮುದುಕರ ಹೊರತು ಮತ್ತಾರೂ ಕಾಣದ ಊರೇ ಜಾತ್ರೆಯ ದಿನ ಕೊಟ್ಟ ಹೆಣ್ಣುಮಕ್ಕಳನ್ನೂ ದುಡಿಯಲು ಗೋವೆ, ಪುಣೆಗಳಿಗೆ ಹೋದ ಗಂಡಸರನ್ನೂ ಮರಳಿ ಪಡೆದು ಕಾಲಿಡಲು ಎಡೆಯಿಲ್ಲದಂತಾಗುತ್ತದೆ. ಈಚೆಗೆ ಇಂಡಿಯಿಂದ ಚಡಚಣವೂ, ಸಿಂದಗಿಯಿಂದ ದೇವರ ಹಿಪ್ಪರಗಿ, ಆಲಮೇಲಗಳೂ, ಮುದ್ದೇಬಿಹಾಳದಿಂದ ತಾಳಿಕೋಟೆಯೂ, ಬಾಗೇವಾಡಿಯಿಂದ ನಿಡಗುಂದಿ, ಕೊಲ್ಹಾರಗಳೂ ಬೇರ್ಪಟ್ಟು ಹೊಸ ತಾಲ್ಲೂಕುಗಳೆನಿಸಿವೆಯಾದರೂ, ಜಾತ್ರೆಗೆ ಬರುವ ಬಂಧುಬಳಗವು ಆ ಗೆರೆಗಳನ್ನು ಲಕ್ಷಿಸುವಂತೆ ತೋರುವುದಿಲ್ಲ, ನಾವೂ ಲಕ್ಷಿಸಬೇಕಾದುದಿಲ್ಲ.

ಈ ಸೀಮೆಯ ಜಾತ್ರೆಗಳೊಳಗೆ ಒಂದನ್ನೇ ಆರಿಸಬೇಕಾದಲ್ಲಿ ನನ್ನ ಒಲವು ಬಸವನ ಬಾಗೇವಾಡಿಯಲ್ಲಿ ಶ್ರಾವಣ ಸೋಮವಾರದಂದು ಆರಂಭವಾಗುವ ಮೂಲ ನಂದೀಶ್ವರನ ಜಾತ್ರೆಯ ಕಡೆಗೆ. ಬಸವಣ್ಣನ ತಾಯಿ ಮಾದಲಾಂಬಿಕೆಯು ನಂದಿಯನ್ನು ಸೇವಿಸಿ ಪುತ್ರನನ್ನು ಪಡೆದು, ಆ ಕಾರಣದಿಂದಲೇ ಅವನಿಗೆ ಬಸವನೆಂಬ ಹೆಸರಿಟ್ಟಳೆಂಬ ಐತಿಹ್ಯವಿರುವ ಸ್ಥಳವಿದು. ಬಸವ ಜಯಂತಿಯು ವೈಶಾಖದ ಅಕ್ಷಯ ತೃತೀಯೆಯಂದು ಬರುವುದಾದರೂ ಊರಿನ ದೊಡ್ಡ ಜಾತ್ರೆ ಮಾತ್ರ ಶ್ರಾವಣದಲ್ಲಿಯೇ ನೆರೆಯುತ್ತದೆ. ಇದರ ಔಚಿತ್ಯ ಒಕ್ಕಲಿಗನ ವರ್ಷಚಕ್ರವನ್ನು ಬಲ್ಲವರಿಗೆ ಸುಲಭವಾಗಿ ಹೊಳೆಯುತ್ತದೆ. ಜ್ಯೇಷ್ಠದ ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯುತ್ತಾರೆ. ಹದಿನೈದು ದಿನ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಹೊಲದ ಮಣ್ಣಿನಲ್ಲಿಯೇ ಜೋಡೆತ್ತುಗಳನ್ನು ಮಾಡಿ ಜಗುಲಿಯ ಮೇಲಿಟ್ಟು ಪೂಜಿಸುತ್ತಾರೆ. ಬಿತ್ತಿಗೆ ಮುಗಿದು, ಎಡೆ ಹೊಡೆದು, ಎತ್ತಿಗೂ ಆಳಿಗೂ ತುಸು ಬಿಡುವು ದೊರೆಯುವ ಶ್ರಾವಣದಲ್ಲಿ ಎತ್ತುಗಳ ಕುಲದೊಡೆಯನಾದ ನಂದೀಶ್ವರನಿಗೇ ಉತ್ಸವ. ಟ್ರ್ಯಾಕ್ಟರು ಬಂದ ಮೇಲೆ ಕೊಟ್ಟಿಗೆಗಳಲ್ಲಿ ಎತ್ತುಗಳು ವಿರಳವಾಗುತ್ತಿರುವುದು ನಿಜ; ಅದೇ ಟ್ರ್ಯಾಕ್ಟರಿಗೆ ಮಾವಿನ ತೋರಣ, ಬಾಳೆಗಿಡ ಕಟ್ಟಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಬಸವಣ್ಣನ ದರ್ಶನಕ್ಕೆ ಬರುವುದೂ ಅಷ್ಟೇ ನಿಜ.

ಶ್ರಾವಣದಲ್ಲಿ ಹೊರಡುವುದಕ್ಕೆ ಇನ್ನೊಂದು ಕಾರಣವುಂಟು. ಸಹ್ಯಾದ್ರಿಯ ಮಳೆಯ ನೆರಳಿನಲ್ಲಿ ಬೀಳುವ ಈ ನಾಡಿನಲ್ಲಿ ಆ ಮಾಸದ ಆಕಾಶ ಮೋಡ ಕಟ್ಟಿದರೂ ಸುರಿಯಲು ಜಿಪುಣತನ ತೋರುವುದೇ ಹೆಚ್ಚು. ಆದರೆ ದೂರದ ಮಹಾಬಳೇಶ್ವರದ ಘಟ್ಟಗಳಲ್ಲಿ ಸುರಿದ ಮಳೆಯೆಲ್ಲ ಕೃಷ್ಣೆಯಾಗಿ ಬಂದು ಆಲಮಟ್ಟಿಯ ಜಲಾಶಯವನ್ನು ತುಂಬುತ್ತದೆ. ಒಂದೇ ದಿನದ ದಾರಿಯಲ್ಲಿ ಮಳೆಗಾಗಿ ಮುಗಿಲು ನೋಡುತ್ತಿರುವ ತೊಗರಿಯ ಹೊಲವನ್ನೂ, ತಡೆಯಲಾರದಷ್ಟು ನೀರನ್ನು ಬಾಗಿಲು ತೆರೆದು ಹೊರಬಿಡುವ ಅಣೆಕಟ್ಟನ್ನೂ ಕಾಣುವುದು ಈ ಜಿಲ್ಲೆಯ ಇತಿಹಾಸವನ್ನು ಪುಸ್ತಕವಿಲ್ಲದೆ ಓದಿದಂತೆ. ಎಚ್ಚರಿಕೆಯ ಮಾತೊಂದಿದೆ: ಎರಡು ಹನಿ ಬಿದ್ದರೂ ಸಾಕು, ಎರೆಮಣ್ಣು ಗಾಲಿಗೆ ಅಂಟಿಕೊಂಡು, ಮಡ್ಗಾರ್ಡಿನೊಳಗೆ ಒತ್ತರಿಸಿ, ಮೋಟಾರು ಸೈಕಲ್ಲನ್ನು ನಿಂತಲ್ಲಿಯೇ ನಿಲ್ಲಿಸಿಬಿಡುತ್ತದೆ, ಆದಕಾರಣ ಡಾಂಬರು ದಾರಿಯನ್ನು ಬಿಟ್ಟು ಹೊಲದ ದಾರಿಗೆ ವಾಹನವನ್ನು ಇಳಿಸದೆ, ಒಳಗಿನ ಗುಡಿಗುಂಡಾರಗಳಿಗೆ ನಡೆದೇ ಹೋಗತಕ್ಕದ್ದು.

ಪ್ರಯಾಣವನ್ನು ಉತ್ತರದಿಂದ ದಕ್ಷಿಣಕ್ಕೆ ಹೊಂದಿಸಿಕೊಂಡರೆ ಮೊದಲು ದೊರೆಯುವುದು ಇಂಡಿ. ಭೌಗೋಲಿಕ ಗುರುತಿನ ಮನ್ನಣೆ ಪಡೆದ ಇಲ್ಲಿಯ ಲಿಂಬೆಯ ತೋಟಗಳನ್ನು ದಾರಿಯ ಇಕ್ಕೆಲಗಳಲ್ಲಿ ನೋಡುತ್ತ ಸಾಲೋಟಗಿಗೆ ಹೋಗಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದ್ದನೆಂದೂ, ಕ್ರಿ.ಶ. 945ರಲ್ಲಿ ಊರೊಡೆಯನು ಅದಕ್ಕೆ ಭೂಮಿಯನ್ನೂ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನೂ ಬಿಟ್ಟುಕೊಟ್ಟನೆಂದೂ ಇಲ್ಲಿಯ ಕಂಬದ ಶಾಸನವು ಹೇಳುತ್ತದೆ. ನಾನಾ ಜನಪದಗಳಿಂದ ವಟುಗಳು ಬಂದು ನೆಲೆಸಿದ್ದ ವಿದ್ಯಾಕೇಂದ್ರವೊಂದು ಈ ಬಯಲಿನಲ್ಲಿತ್ತೆಂಬುದನ್ನು ನೆನೆಯುವಾಗ, ಬರದ ಸೀಮೆಯೆಂದು ಇದನ್ನು ಒಂದೇ ಮಾತಿನಲ್ಲಿ ತಳ್ಳಿಬಿಡುವ ನಮ್ಮ ರೂಢಿಯ ವಿಷಯದಲ್ಲಿ ನನಗೆ ಅಸಮಾಧಾನವೇ ಆಗುತ್ತದೆ. ಸಮಯವಿದ್ದರೆ ಹಲಸಂಗಿಯನ್ನೂ ಕಂಡು ಬರಬಹುದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಬೆಳಕಿಗೆ ತಂದದ್ದು ಈ ಊರಿನ ಹಿರಿಮೆ. ಅದೇ ಕಾಲದಲ್ಲಿ ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ವಚನಗಳ ತಾಡವೋಲೆಗಳನ್ನು ಅರಸಿ ತಂದು ಅಚ್ಚು ಹಾಕಿಸುತ್ತಿದ್ದರು. ನೋಡುವುದಕ್ಕೆ ಹಲಸಂಗಿಯಲ್ಲಿ ಹೆಚ್ಚೇನಿಲ್ಲ; ಆದರೂ ಹೋಗಬೇಕೆಂಬುದು ನನ್ನ ಅಭಿಪ್ರಾಯ.

ಸಿಂದಗಿಯಲ್ಲಿ ಊಟ ಮುಗಿಸಿ, ದೇವರ ಹಿಪ್ಪರಗಿ, ಹೂವಿನ ಹಿಪ್ಪರಗಿಗಳ ಮಾರ್ಗವಾಗಿ ಬಾಗೇವಾಡಿಯನ್ನು ಸೇರಬಹುದು. ನೇರವಾಗಿ ವಿಜಯಪುರದಿಂದ ಬರುವವರಿಗೆ ಬಾಗೇವಾಡಿ ಸುಮಾರು 43 ಕಿಲೋಮೀಟರಿನ ದಾರಿ. ಜಾತ್ರೆಯ ದಿನಗಳಲ್ಲಿ ಊರೊಳಗೆ ವಸತಿ ದೊರೆಯುವುದು ದುರ್ಲಭವಾದುದರಿಂದ, ಆಪ್ತರ ಮನೆಯಿಲ್ಲದವರು ವಿಜಯಪುರದಲ್ಲಿ ಬಿಡಾರ ಮಾಡುವುದೇ ಕ್ಷೇಮ. ಪಲ್ಲಕ್ಕಿಯ ಉತ್ಸವವನ್ನು ನೋಡಬೇಕು. ಕುಸ್ತಿಯ ಕಣದಲ್ಲಿ ಒಂದು ತಾಸಾದರೂ ನಿಲ್ಲಬೇಕು. ಸಂಗ್ರಾಣಿ ಕಲ್ಲು, ಉಸುಕಿನ ಚೀಲಗಳನ್ನು ಎತ್ತುವ ಪಂದ್ಯಗಳು ಈ ಸೀಮೆಯ ಜಾತ್ರೆಗಳಿಗೆ ವಿಶಿಷ್ಟವಾದವು: ತರುಣನೊಬ್ಬ ಕಲ್ಲನ್ನು ಮೊಣಕಾಲಿನಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸುವಾಗ ಸುತ್ತ ನಿಂತ ಸಾವಿರ ಜನ ಒಟ್ಟಿಗೆ ಉಸಿರು ಬಿಗಿಹಿಡಿಯುತ್ತಾರೆ. ಇತ್ತ ಕರಡಿ ಮಜಲು, ಅತ್ತ ನಾಟಕ ಕಂಪನಿಯ ಧ್ವನಿವರ್ಧಕ, ನಡುವೆ ಬಳೆಗಾರರ ಸಾಲು, ಬೆಂಡು ಬತ್ತಾಸಿನ ರಾಶಿ, ಎಣ್ಣೆಯಲ್ಲಿ ಪುಟಿಯುವ ಮಿರ್ಚಿ ಭಜಿ, ಚುರಮುರಿ. ದಾಸೋಹದ ಪಂಕ್ತಿಯಲ್ಲಿ ಯಾರಾದರೂ “ಬರ್ರೀ ಸರ, ಕುಂಡ್ರಿ, ಪ್ರಸಾದ ತಗೊಂಡ ಹೋಗ್ರಿ” ಎಂದು ಕರೆದರೆ ಸಂಕೋಚಪಡದೆ ಕುಳಿತುಬಿಡಬೇಕು; ಒಲ್ಲೆನೆಂದರೆ ಕರೆದವರು ನೊಂದುಕೊಳ್ಳುತ್ತಾರೆ.

ಜಾತ್ರೆಯ ಮರುದಿನ ಇಂಗಳೇಶ್ವರ. ಇದು ಬಸವಣ್ಣನ ತಾಯಿಯ ತವರೆಂದೂ, ಜನನವಾದದ್ದು ಇಲ್ಲಿಯೇ ಎಂದೂ ಹೇಳುವವರಿದ್ದಾರೆ. ಬಾಗೇವಾಡಿಯವರ ಮುಂದೆ ಆ ಚರ್ಚೆಯನ್ನು ಎತ್ತದಿರುವುದು ವಿವೇಕ. ವಚನಗಳನ್ನು ಶಿಲೆಯಲ್ಲಿ ಕೊರೆದು ನಿಲ್ಲಿಸಿದ ಶಿಲಾಮಂಟಪವೊಂದು ಇಲ್ಲಿದೆ. ಅಲ್ಲಿಂದ ಹೆದ್ದಾರಿಗೆ ಬಂದು ನಿಡಗುಂದಿಯನ್ನು ದಾಟಿದರೆ ಆಲಮಟ್ಟಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಈ ಅಣೆಕಟ್ಟಿಗೆ 26 ಬಾಗಿಲುಗಳು, 519.60 ಮೀಟರಿನ ಪೂರ್ಣಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಉದ್ಯಾನಗಳು ಮಕ್ಕಳಿಗೆ ಮೆಚ್ಚಿಗೆಯಾಗುವವು. ದೊಡ್ಡವರು ಆ ನೀರಿನಡಿಯಲ್ಲಿ ಎಷ್ಟೋ ಊರುಗಳ ಹೊಲಮನೆಗಳಿವೆಯೆಂಬುದನ್ನು ಮರೆಯಬಾರದು. ಇಳಿವಯಸ್ಸಿನ ಯಾರನ್ನು ಮಾತಿಗೆಳೆದರೂ ಮುಳುಗಿದ ತಮ್ಮ ಊರಿನ ಜಾತ್ರೆಯ ಮಾತು ಬಂದೇ ಬರುತ್ತದೆ. ಸಮೀಪದ ಯಲಗೂರಿನಲ್ಲಿ ಕೃಷ್ಣೆಯ ದಡದ ಹನುಮಂತನ ಗುಡಿಯುಂಟು.

ಮುದ್ದೇಬಿಹಾಳದ ಕಡೆಗೆ ತಿರುಗಿದರೆ ತಂಗಡಗಿ. 1565ರಲ್ಲಿ ವಿಜಯನಗರದ ಭಾಗ್ಯವನ್ನು ಒರೆಸಿಹಾಕಿದ ಯುದ್ಧಕ್ಕೆ ತಾಳಿಕೋಟೆಯ ಹೆಸರು ರೂಢಿಯಾಗಿದ್ದರೂ ರಕ್ಕಸಗಿ-ತಂಗಡಗಿಯ ಕಾಳಗವೆಂದು ಕರೆಯುವುದೂ ಉಂಟು. ಊರವರಿಗೆ ಆದರೋ ತಂಗಡಗಿಯೆಂದರೆ ಬಸವಣ್ಣನ ಮಡದಿ ನೀಲಾಂಬಿಕೆಯ ಐಕ್ಯಸ್ಥಳ: ಕಲ್ಯಾಣದಿಂದ ಕೂಡಲಸಂಗಮಕ್ಕೆ ಹೊರಟ ಆಕೆ ಇಲ್ಲಿಗೆ ಬರುವಷ್ಟರಲ್ಲಿ ಬಸವಣ್ಣ ಲಿಂಗೈಕ್ಯನಾದ ಸುದ್ದಿ ತಲುಪಿ, ಮುಂದೆ ಹೆಜ್ಜೆಯಿಡದೆ ಇಲ್ಲಿಯೇ ಬಯಲಾದಳೆಂಬುದು ನಂಬಿಕೆ. ಕೃಷ್ಣೆಯನ್ನು ದಾಟಿದರೆ ಕೂಡಲಸಂಗಮ. ನಾರಾಯಣಪುರ ಜಲಾಶಯದ ಹಿನ್ನೀರು ಬಸವಣ್ಣನ ಐಕ್ಯಲಿಂಗವನ್ನು ಮುಳುಗಿಸದಂತೆ ಸುತ್ತಲೂ ಬಾವಿಯಂತಹ ಗೋಡೆಯನ್ನೆಬ್ಬಿಸಿದ್ದಾರೆ. ತುಂಬಿದ ಹೊಳೆಯ ನಡುವೆ ಮೆಟ್ಟಿಲಿಳಿದು ಕೆಳಗೆ ಹೋಗಿ ದರ್ಶನ ಪಡೆಯಬೇಕು. ರವಿವಾರ ಇಲ್ಲಿ ಜನಸಂದಣಿ ಅತಿಯಾಗಿರುವುದರಿಂದ ವಾರದ ನಡುವಿನ ದಿನವನ್ನೇ ಇದಕ್ಕೆ ಕಾದಿಡುವುದು ಉತ್ತಮ.

ಶ್ರಾವಣ ತಪ್ಪಿತೆಂದು ನಿರಾಶರಾಗಬೇಕಿಲ್ಲ. ಮಾರ್ಗಶಿರದ ಎಳ್ಳಮಾವಾಸ್ಯೆಗೆ ಇದೇ ದಾರಿಯಲ್ಲಿ ಬಂದರೆ ಬಿಳಿಜೋಳ ಎದೆಮಟ್ಟಕ್ಕೆ ನಿಂತಿರುತ್ತದೆ. ಸಜ್ಜೆಯ ಕಡುಬು, ಖಡಕ್ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಬುತ್ತಿಯನ್ನು ಹೊತ್ತು ಜನ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ಆದರೆ ಅದಕ್ಕೆ ಯಾರಾದರೂ ಕರೆಯಬೇಕು, ಆದಕಾರಣ ಶ್ರಾವಣದ ಜಾತ್ರೆಯಲ್ಲಿ ಪರಿಚಯ ಮಾಡಿಕೊಂಡವರ ವಿಳಾಸವನ್ನು ಬರೆದಿಟ್ಟುಕೊಳ್ಳಿರಿ.