ನಗುನಗುತ್ತ ವಿಜ್ಞಾನ

ಕಳೆದ ಚಳಿಗಾಲದ ಒಂದು ಮುಂಜಾನೆ ಪುಣೆಯ ಪರ್ವತಿ ಬೆಟ್ಟದ ಮೆಟ್ಟಿಲುಗಳನ್ನು ಏರುತ್ತಿದ್ದಾಗ ನನ್ನ ಮೊಮ್ಮಗಳು ತೋಳನ್ನು ಚಾಚಿ, “ಅಜ್ಜಾ, ಚಳಿಗೆ ಈ ಗುಳ್ಳೆಗಳು ಏಕೆ ಏಳುತ್ತವೆ?” ಎಂದು ಕೇಳಿದಳು. “ಶಾಲೆಯಲ್ಲಿ ಕೇಳು” ಎಂದುಬಿಟ್ಟೆ. ಆಕೆಯ ಶಾಲೆಯ ಭಾಷೆ ಇಂಗ್ಲಿಷು, ಗೆಳತಿಯರ ಭಾಷೆ ಮರಾಠಿ. ಕನ್ನಡಕ್ಕೆ ಉಳಿದುದು ಊಟ, ತಿಂಡಿ, ಗದರಿಕೆಗಳು ಮಾತ್ರ. ಕನ್ನಡದಲ್ಲಿ ಬಂದ ಪ್ರಶ್ನೆಯೊಂದನ್ನು ನಾನೇ ಮನೆಯಿಂದ ಹೊರಗೆ ಕಳುಹಿಸಿದೆನಲ್ಲಾ ಎಂಬ ಕೊರಗು ಆಮೇಲೆ ಕಾಡಿತು.

ಅಂದು ಸಂಜೆ ಗಣಕದಲ್ಲಿ ಹುಡುಕುತ್ತಿರುವಾಗ ಕಣ್ಣಿಗೆ ಬಿದ್ದುದು ‘ಇಜ್ಞಾನ’. ಶ್ರೀ ಟಿ. ಜಿ. ಶ್ರೀನಿಧಿಯವರು 2007ರಲ್ಲಿ ಆರಂಭಿಸಿದ ಕನ್ನಡ ವಿಜ್ಞಾನ ಜಾಲಪತ್ರಿಕೆ. ಚಿಕ್ಕ ಬರಹಗಳು, ತಿಳಿಯಾದ ಮಾತು. ಈ ಪರಂಪರೆ ಹೊಸದೇನಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದ್ದರು. 1978ರಲ್ಲಿ ‘ಬಾಲ ವಿಜ್ಞಾನ’ ಬಂದಿತು. ಸಸ್ಯಶಾಸ್ತ್ರವನ್ನು ಹಾಸ್ಯದೊಡನೆ ಬೆರೆಸಿದ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಅದೇ ವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಲಘುವಾದುದೆಲ್ಲ ಹಗುರವಲ್ಲವೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಆ ಧಾಟಿಯಲ್ಲಿಯೇ ಮೊಮ್ಮಗಳಿಗೆ ಉತ್ತರ ಹೇಳಲು ಕುಳಿತೆ. ಪ್ರತಿ ರೋಮದ ಬುಡದಲ್ಲಿ ಅತಿ ಸಣ್ಣದೊಂದು ಸ್ನಾಯುವಿದೆ. ಚಳಿಯಾದಾಗ ಅಥವಾ ಭಯವಾದಾಗ ಅದು ನಮ್ಮ ಅಪ್ಪಣೆಗೆ ಕಾಯದೆ ಕುಗ್ಗಿ, ರೋಮವನ್ನು ನೆಟ್ಟಗೆ ನಿಲ್ಲಿಸುತ್ತದೆ. ಸುತ್ತಲಿನ ಚರ್ಮ ಗುಳ್ಳೆಯಂತೆ ಉಬ್ಬುತ್ತದೆ. ಬೆಕ್ಕಿಗೆ ಇದರಿಂದ ಎರಡು ಲಾಭ: ತುಪ್ಪಳದ ನಡುವೆ ಗಾಳಿ ಸೆರೆಯಾಗಿ ಮೈ ಬೆಚ್ಚಗಿರುತ್ತದೆ, ನಾಯಿಯ ಕಣ್ಣಿಗೆ ತಾನು ದೊಡ್ಡದಾಗಿ ಕಾಣುತ್ತದೆ. ಮನುಷ್ಯನ ತುಪ್ಪಳ ಹೋಯಿತು, ಅಭ್ಯಾಸ ಉಳಿಯಿತು. ಕಂಬಳಿ ಕಳೆದುಹೋದರೂ ಕೊಡಹುವುದನ್ನು ಬಿಡದ ಮುದುಕನಂತೆ!

“ಇದಕ್ಕೆ ಕನ್ನಡದಲ್ಲಿ ಹೆಸರಿದೆಯೇ?” ಎಂದಳು. “ರೋಮಾಂಚನ” ಎಂದೆ. ಹಾಡು ಕೇಳಿದಾಗ ಮೈ ಜುಮ್ಮೆನ್ನುವುದಕ್ಕೂ ಅದೇ ಶಬ್ದವೆಂದು ತಿಳಿದಾಗ ಆಕೆಯ ಮುಖ ಅರಳಿತು. ಮರುದಿನ ಶಾಲೆಗೆ ಹೊರಟಾಗ ಆ ಶಬ್ದವನ್ನು ದೇವನಾಗರಿಯಲ್ಲಿ ಅಂಗೈಯ ಮೇಲೆ ಬರೆದುಕೊಂಡಿದ್ದಳು. ಕನ್ನಡ ಅಕ್ಷರ ಆಕೆಗೆ ಬಾರದು.

ಈಗ ಪ್ರತಿ ಭಾನುವಾರ ಒಂದು ಪ್ರಶ್ನೆ, ಒಂದು ಲೇಖನ, ಐದು ಅಕ್ಷರ ಎಂಬುದು ನಮ್ಮ ಮನೆಯ ನಿಯಮ. ಓದುಗರೇ, ಮಕ್ಕಳ ಪ್ರಶ್ನೆಗಳನ್ನು ನೆರೆಭಾಷೆಗೆ ಸಾಗಹಾಕಬೇಡಿರಿ. ಬಿಕ್ಕಳಿಕೆ, ಆಕಳಿಕೆ, ತೂಕಡಿಕೆ ಯಾವುದಾದರೂ ಸರಿಯೇ, ಅಲ್ಲಿಂದಲೇ ಆರಂಭಿಸಬಹುದು.