ಹಿಮ್ಮಡಿಯ ನೋವು ಮತ್ತು ಮನೆಯ ಮದ್ದು

ಬೆಳಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದೊಡನೆ ಹಿಮ್ಮಡಿ ಚುಳ್ಳೆಂದು, ಮಂಚದ ಅಂಚನ್ನು ಹಿಡಿದು ಕ್ಷಣಕಾಲ ನಿಲ್ಲುವಂತಾಗುವುದು, ಹತ್ತಿಪ್ಪತ್ತು ಹೆಜ್ಜೆ ಕುಂಟಿದ ತರುವಾಯ ವೇದನೆ ತಾನಾಗಿಯೇ ತಗ್ಗುವುದು, ಮಧ್ಯಾಹ್ನ ಬಹಳ ಹೊತ್ತು ಕುಳಿತಿದ್ದು ಎದ್ದರೆ ಪುನಃ ಅದೇ ಪಾಡಾಗುವುದು – ನಲವತ್ತು ದಾಟಿದ ಅನೇಕರಿಗೆ, ಅದರಲ್ಲಿಯೂ ದಿನವಿಡೀ ನಿಂತು ದುಡಿಯುವ ಉಪಾಧ್ಯಾಯರಿಗೆ, ಬಸ್ಸಿನ ಕಂಡಕ್ಟರುಗಳಿಗೆ, ಅಡುಗೆಮನೆಯ ಗಟ್ಟಿನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲುವ ಗೃಹಿಣಿಯರಿಗೆ, ಈ ಅನುಭವ ಅಪರಿಚಿತವಲ್ಲ. ಕೆಲವು ವಾರ ನರಳಿ ವೈದ್ಯರಲ್ಲಿಗೆ ಹೋದವರು ಎಕ್ಸ್-ರೇ ಚಿತ್ರವೊಂದನ್ನು ಹಿಡಿದು ಮರಳುತ್ತಾರೆ. ಹಿಮ್ಮಡಿಯೆಲುಬಿನ ತಳದಿಂದ ಬೆರಳುಗಳ ಕಡೆಗೆ ಚಾಚಿಕೊಂಡ ಸಣ್ಣದೊಂದು ಕೊಕ್ಕೆ ಅದರಲ್ಲಿ ಕಾಣುತ್ತದೆ. ‘ಮೂಳೆ ಬೆಳೆದಿದೆಯಂತೆ’ ಎಂಬ ಮಾತು ಮನೆಯಲ್ಲೆಲ್ಲ ಹಬ್ಬಿ, ಆ ಮೂಳೆಯನ್ನು ಕರಗಿಸುವ ಮದ್ದಿನ ಅನ್ವೇಷಣೆ ಅಂದಿನಿಂದಲೇ ಮೊದಲಾಗುತ್ತದೆ.

ಈ ಅನ್ವೇಷಣೆ ಹಾದಿ ತಪ್ಪುವುದು ಇಲ್ಲಿಯೇ. ರಾಂಟ್‌ಜನ್ ಕ್ಷಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ಐದೇ ವರ್ಷಗಳ ತರುವಾಯ, 1900ರಲ್ಲಿ, ಪ್ಲೆಟ್ನರ್ ಎಂಬ ಜರ್ಮನ್ ವೈದ್ಯನು ಹಿಮ್ಮಡಿಯ ಈ ಎಲುಬಿನ ಮುಳ್ಳನ್ನು ವರ್ಣಿಸಿದನು. ಕಣ್ಣಿಗೆ ಕಂಡದ್ದೇ ನೋವಿಗೆ ಕಾರಣವೆಂದು ಬಗೆಯುವುದು ಸಹಜವಾದುದರಿಂದ, ಶಸ್ತ್ರವೈದ್ಯರು ಅದನ್ನು ಕತ್ತರಿಸಿ ತೆಗೆಯುವುದಕ್ಕೂ ಕೈಹಾಕಿದರು. ಆದರೆ ನೋವಿನ ಸುಳಿವೇ ಇಲ್ಲದವರ ಪಾದಗಳನ್ನು ಪರೀಕ್ಷಿಸಿದಾಗ ಅವರಲ್ಲಿಯೂ ಹಲವರಿಗೆ ಇದೇ ಮುಳ್ಳು ಇರುವುದು ಕಂಡುಬಂದಿತು. ಮುಳ್ಳಿಲ್ಲದೆಯೇ ನರಳುವವರೂ ಕಡಮೆಯಲ್ಲವೆಂಬುದು ತಿಳಿಯಿತು. ನೋವಿನ ನಿಜವಾದ ನೆಲೆ ಎಲುಬಲ್ಲ, ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನುದ್ದಕ್ಕೂ ಹಬ್ಬಿರುವ, ಪ್ಲಾಂಟರ್ ಫೇಸಿಯ ಎಂದು ವೈದ್ಯರು ಕರೆಯುವ ದಪ್ಪನೆಯ ತಂತುಪಟ್ಟಿ. ಪಾದದ ಕಮಾನನ್ನು ಬಿಲ್ಲೆಂದರೆ ಈ ಪಟ್ಟಿ ಅದರ ಹೆದೆ. ಬೆರಳುಗಳು ಮೇಲಕ್ಕೆ ಬಾಗಿದಂತೆಲ್ಲ ಹೆದೆ ಬಿಗಿದು ಕಮಾನು ಏರುವ ಈ ಕ್ರಮವನ್ನು ಹಿಕ್ಸ್ ಎಂಬ ವಿದ್ವಾಂಸನು 1954ರಲ್ಲಿ ವಿವರಿಸಿದನು. ನಿದ್ರೆಯಲ್ಲಿ ಪಾದ ಕೆಳಮುಖವಾಗಿ ಬಾಗಿ, ಪಟ್ಟಿ ರಾತ್ರಿಯೆಲ್ಲ ಸಡಿಲವಾಗಿ ಕುಗ್ಗಿರುತ್ತದೆ. ಬೆಳಗಿನ ಮೊದಲ ಹೆಜ್ಜೆಗೆ ಇಡೀ ದೇಹದ ಭಾರ ಬಿದ್ದು, ಮೊದಲೇ ಜೀರ್ಣಗೊಂಡಿರುವ ಅದರ ಬುಡ ತಟ್ಟನೆ ಜಗ್ಗಲ್ಪಡುತ್ತದೆ.

ಇಷ್ಟು ತಿಳಿದಮೇಲೆ, ಮದ್ದುಗಳನ್ನು ತೂಗಿನೋಡುವುದು ಕಷ್ಟವಲ್ಲ. ಸೇಬಿನ ವಿನೆಗರನ್ನೋ ನಿಂಬೆಯ ರಸವನ್ನೋ ಬರಿಹೊಟ್ಟೆಯಲ್ಲಿ ಕುಡಿದರೆ ಹುಳಿಗೆ ಸುಣ್ಣ ಕರಗುವಂತೆ ಮೂಳೆ ಕರಗಿಹೋಗುವುದೆಂದು ಹೇಳುವವರುಂಟು. ನಾವು ಏನನ್ನು ಸೇವಿಸಿದರೂ ಶ್ವಾಸಕೋಶಗಳೂ ಮೂತ್ರಪಿಂಡಗಳೂ ರಕ್ತದ ಆಮ್ಲತೆಯನ್ನು ಅತಿ ಕಿರಿದಾದ ಮಿತಿಯೊಳಗೆ ಕಾಪಾಡುತ್ತವೆ. ಒಂದುವೇಳೆ ಅಂಥ ಪಾನೀಯವಿದ್ದಿದ್ದರೆ, ಅದು ಹಿಮ್ಮಡಿಯ ಮುಳ್ಳನ್ನು ಮಾತ್ರ ಕರಗಿಸಿ ಬೆನ್ನೆಲುಬನ್ನು ಉಳಿಸುವಷ್ಟು ವಿವೇಕವನ್ನು ಎಲ್ಲಿಂದ ತರಬೇಕು? ಪೂರ್ಣವಾಗಿ ಗುಣಹೊಂದಿ ಓಡಾಡುವವರ ಪಾದದಲ್ಲಿಯೂ ಆ ಮುಳ್ಳು ಇದ್ದಂತೆಯೇ ಇರುತ್ತದೆ ಎಂಬುದನ್ನು ನೆನೆದರೆ, ಅದನ್ನು ಕರಗಿಸುವ ಪ್ರಯತ್ನವೇ ಅನಾವಶ್ಯಕವೆನಿಸುತ್ತದೆ.

ಶಾಖದ ಮಾತು ಬೇರೆ. ಕಾಲನ್ನು ಏರುಪೇರಾಗಿ ಊರಿದಾಗ ವಾಯು ಪಾದದ ಸಂಧಿಯನ್ನಾಶ್ರಯಿಸಿ ಉಂಟುಮಾಡುವ ವೇದನೆಯನ್ನು ಸುಶ್ರುತಸಂಹಿತೆಯ ನಿದಾನಸ್ಥಾನವು ವಾತಕಂಟಕವೆಂದು ಕರೆದಿದೆ. ಇಂದಿನ ಆಯುರ್ವೇದ ವೈದ್ಯರು ಹಿಮ್ಮಡಿಯ ನೋವನ್ನು ಅದರಲ್ಲಿಯೇ ಸೇರಿಸಿ, ಸ್ನೇಹನ (ಎಣ್ಣೆ ಸವರುವುದು), ಸ್ವೇದನ (ಶಾಖ ಕೊಟ್ಟು ಬೆವರಿಸುವುದು), ಉಪನಾಹ (ಬಿಸಿಲೇಪ ಕಟ್ಟುವುದು) – ಇವನ್ನು ವಿಧಿಸುತ್ತಾರೆ. ನಮ್ಮ ಹಳ್ಳಿಗಳ ಕ್ರಮವೂ ಇದಕ್ಕೆ ದೂರವಲ್ಲ. ಒಲೆಯ ಕೆಂಡದಲ್ಲಿ ಇಟ್ಟಿಗೆಯನ್ನು ಕಾಯಿಸಿ, ಹೊರಗೆಳೆದು, ಅದರ ಮೇಲೆ ಎರಡು ಮೂರು ಎಕ್ಕದ ಎಲೆಗಳನ್ನು ಹಾಸುತ್ತಾರೆ. ಎಲೆ ಬಾಡಿ ಹಬೆಯಾಡತೊಡಗಿದಾಗ, ಹರಳೆಣ್ಣೆ ಸವರಿದ ಹಿಮ್ಮಡಿಯನ್ನು ಒಮ್ಮೆ ಮುಟ್ಟಿಸಿ, ಒಮ್ಮೆ ಎತ್ತಿ, ಬಿಸಿ ಹಿತವಾದಮೇಲೆ ಮೆಲ್ಲಗೆ ಊರಿ ನಿಲ್ಲುತ್ತಾರೆ. ಶಾಖದಿಂದ ರಕ್ತಸಂಚಾರ ಹೆಚ್ಚಿ, ಬಿಗಿತ ಸಡಿಲಗೊಂಡು, ಕೆಲವು ಗಂಟೆಗಳ ಉಪಶಮನ ದೊರೆಯುವುದು ದಿಟ. ಎಕ್ಕದ ಹಾಲು ಕಣ್ಣಿಗೆ ತಗುಲಿದರೆ ಅಪಾಯವಾದ್ದರಿಂದ ಎಲೆ ಮುಟ್ಟಿದ ಕೈಯನ್ನು ಚೆನ್ನಾಗಿ ತೊಳೆಯಬೇಕು. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರಂತೂ ಇಟ್ಟಿಗೆಯ ಸಹವಾಸಕ್ಕೇ ಹೋಗಬಾರದು, ಏಕೆಂದರೆ ಸುಟ್ಟದ್ದು ಅವರ ಅರಿವಿಗೆ ಬರುವ ವೇಳೆಗೆ ಗಾಯವಾಗಿರುತ್ತದೆ. ಶಾಖ ಒಗ್ಗದವರು ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ, ಹತ್ತು ನಿಮಿಷ ಅಂಗಾಲಿನಡಿ ಉರುಳಿಸುವುದೂ ಉಂಟು.

ಉಪಶಮನ ಒಂದು, ಪಟ್ಟಿಗೆ ಬಲ ಬರುವುದು ಇನ್ನೊಂದು. ಎರಡನೆಯದು ಬರುವುದು ವ್ಯಾಯಾಮದಿಂದ. ಮಂಚದಿಂದ ಇಳಿಯುವ ಮುನ್ನವೇ ನೋಯುವ ಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಹಿಂದಕ್ಕೆಳೆದು, ಅಂಗಾಲಿನ ಪಟ್ಟಿ ತಂತಿಯಂತೆ ಬಿಗಿದುದನ್ನು ಮತ್ತೊಂದು ಕೈಯ ಹೆಬ್ಬೆರಳಿನಿಂದ ಮುಟ್ಟಿನೋಡುತ್ತ ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೀನಖಂಡವನ್ನು ಮಾತ್ರ ಹಿಗ್ಗಿಸುವುದಕ್ಕಿಂತ ಇದು ಹೆಚ್ಚು ಫಲಕಾರಿಯೆಂದು ತೋರಿಸಿತು. ಇನ್ನೊಂದು ವಿಧಾನ ಡೆನ್ಮಾರ್ಕಿನದು: ಮೆಟ್ಟಿಲಿನ ಅಂಚಿನಲ್ಲಿ ಸುರುಳಿ ಸುತ್ತಿದ ಟವೆಲನ್ನು ಬೆರಳುಗಳಡಿ ಇಟ್ಟು ನಿಂತು, ಮೂರು ಎಣಿಕೆಯಲ್ಲಿ ಹಿಮ್ಮಡಿಯನ್ನು ಮೇಲೆತ್ತಿ, ಎರಡೆಣಿಸುವವರೆಗೆ ತಡೆದು, ಮತ್ತೆ ಮೂರು ಎಣಿಕೆಯಲ್ಲಿ ಇಳಿಸುವುದು. ಇದನ್ನು ದಿನ ಬಿಟ್ಟು ದಿನ ಮಾಡಿದವರು, ಬರಿಯ ಹಿಗ್ಗಿಸುವಿಕೆಯನ್ನು ಮಾಡಿದವರಿಗಿಂತ ಮೂರು ತಿಂಗಳಲ್ಲಿ ಹೆಚ್ಚು ಚೇತರಿಸಿಕೊಂಡರು. ವರ್ಷ ತುಂಬುವ ವೇಳೆಗೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ಅಂತರ ಉಳಿಯಲಿಲ್ಲ.

ಪಾದರಕ್ಷೆಯ ವಿಷಯವನ್ನು ಹಗುರವಾಗಿ ಎಣಿಸಬಾರದು. ಗ್ರಾನೈಟು, ಟೈಲ್ಸುಗಳ ನೆಲ ಕೊಂಚವೂ ತಗ್ಗಿಕೊಡದಿರುವುದರಿಂದ, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳುವುದರಲ್ಲಿ ಸಂಕೋಚ ಬೇಡ. ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳ ರಕ್ಷಣೆಗೆಂದು ಬಳಕೆಗೆ ಬಂದ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಈಗ ಊರೂರಿನ ಅಂಗಡಿಗಳಲ್ಲಿ ಸಿಗುತ್ತದೆ. ದೇಹದ ತೂಕ ಇಳಿದರೆ ಪಟ್ಟಿಯ ಮೇಲಿನ ಹೊರೆಯೂ ಇಳಿಯುತ್ತದೆ.

ಇವೆಲ್ಲವನ್ನೂ ಮನೆಯಲ್ಲಿಯೇ ಮಾಡಬಹುದಾದರೂ, ಹಿಮ್ಮಡಿ ಕೆಂಪಾಗಿ ಊದಿಕೊಂಡರೆ, ಜ್ವರ ಬಂದರೆ, ಮಲಗಿದ್ದಾಗಲೂ ನೋವು ಬಿಡದಿದ್ದರೆ, ಅಂಗಾಲು ಜೋಮು ಹಿಡಿದರೆ, ಅಥವಾ ಎಳೆಯ ವಯಸ್ಸಿನವರಿಗೆ ಎರಡೂ ಹಿಮ್ಮಡಿಗಳು ನೊಂದು ಬೆಳಗ್ಗೆ ಸೊಂಟವೂ ಸೆಟೆದುಕೊಂಡರೆ, ತಡಮಾಡದೆ ವೈದ್ಯರನ್ನು ಕಾಣುವುದು ಯುಕ್ತ. ಸ್ಟಿರಾಯ್ಡ್ ಚುಚ್ಚುಮದ್ದು ಬೇಗ ಶಮನ ಕೊಡುವುದಾದರೂ, ಅಪರೂಪಕ್ಕೆ ಪಟ್ಟಿಯೇ ಹರಿಯುವ ಸಂಭವವುಂಟೆಂಬುದನ್ನು ಕೇಳಿ ತಿಳಿದುಕೊಂಡೇ ಒಪ್ಪಬೇಕು.

ಕೊನೆಯದಾಗಿ ಒಂದು ಮಾತು. ಶಸ್ತ್ರಚಿಕಿತ್ಸೆಯ ಹಂಗಿಲ್ಲದೆ, ಹೆಚ್ಚಿನವರಲ್ಲಿ ಈ ನೋವು ಒಂದು ವರ್ಷದ ಆಸುಪಾಸಿನಲ್ಲಿ ಶಮನವಾಗುತ್ತದೆ. ಆದಕಾರಣವೇ ಪ್ರತಿಯೊಂದು ಮದ್ದಿಗೂ ಸಾಕ್ಷಿ ಹೇಳುವವರು ಸಿಕ್ಕುತ್ತಾರೆ: ಹತ್ತು ಮದ್ದುಗಳನ್ನು ಮಾಡಿ ಬೇಸತ್ತವರು ಹನ್ನೊಂದನೆಯದನ್ನು ಹಿಡಿದಾಗ ಕಾಲವೂ ಕೂಡಿಬಂದು, ಕಾಲಕ್ಕೆ ಸಲ್ಲಬೇಕಾದ ಕೀರ್ತಿ ಹನ್ನೊಂದನೆಯದಕ್ಕೆ ಸಲ್ಲುತ್ತದೆ. ಆದುದರಿಂದ ಯಾರಾದರೂ ಹೊಸದೊಂದು ಮದ್ದನ್ನು ಹೇಳಿದಾಗ ಎಷ್ಟು ಮಂದಿಗೆ ಗುಣವಾಯಿತೆಂದು ಕೇಳುವುದಕ್ಕಿಂತ, ಅದರಿಂದ ಕೇಡೇನಾದರೂ ಉಂಟೆ, ಖರ್ಚೆಷ್ಟು, ಅದನ್ನು ಮಾಡುತ್ತಲೇ ದಿನನಿತ್ಯದ ವ್ಯಾಯಾಮವನ್ನು ಮುಂದುವರಿಸಬಹುದೆ ಎಂದು ಕೇಳುವುದು ಲೇಸು.