ಗಿಟಾರ್ ಶಿಕ್ಷಕರ ಆಯ್ಕೆ: ಪಾಠ ವೀಕ್ಷಣೆಯ ದೃಷ್ಟಿಯಿಂದ

ಅಭ್ಯಾಸ ಬೋಧನೆಗೆ ಶಾಲೆಗೆ ಹೋದ ಪ್ರಶಿಕ್ಷಣಾರ್ಥಿಗಳನ್ನು ಪೋಷಕರು ಪಠ್ಯದ ಆಚೆಗಿನ ಪ್ರಶ್ನೆಗಳನ್ನೂ ಕೇಳುತ್ತಾರೆ. "ಮಗಳಿಗೆ ಗಿಟಾರ್ ಕಲಿಸಬೇಕು, ಯಾರ ಹತ್ತಿರ ಸೇರಿಸೋಣ ಮೇಡಂ?" ಎಂಬುದು ಈಗ ಸಾಮಾನ್ಯ. ಚೆನ್ನಾಗಿ ನುಡಿಸುವವರ ಹತ್ತಿರ ಸೇರಿಸಿ ಎಂದುಬಿಡುವುದು ಸುಲಭ. ಆದರೆ ನುಡಿಸುವುದು ಒಂದು ಕೌಶಲ, ಕಲಿಸುವುದು ಬೇರೊಂದು ಕೌಶಲ. ಆಯ್ಕೆ ತಪ್ಪಿದರೆ ಪೋಷಕರಿಗೆ ಹೋಗುವುದು ಹಣ. ಮಗುವಿಗೆ ಉಳಿಯುವುದು "ನನಗೆ ಸಂಗೀತ ಬರುವುದಿಲ್ಲ" ಎಂಬ ತೀರ್ಮಾನ. ಶಿಕ್ಷಕ ಶಿಕ್ಷಣದ ಜೊತೆಗೆ ಬಿಡುವಿನಲ್ಲಿ ಗಿಟಾರ್ ಕಲಿಸುವ ನಾನು, ನಮ್ಮ ಪಾಠ ವೀಕ್ಷಣೆಯ ಮಾನದಂಡಗಳೇ ಇಲ್ಲಿಯೂ ಸಾಕು ಎಂದು ಕಂಡುಕೊಂಡಿದ್ದೇನೆ.

ಪಾಠದ ಅನುಕ್ರಮ

ಹಲವು ಸ್ವರಗಳನ್ನು ಒಟ್ಟಿಗೆ ಹೊಮ್ಮಿಸುವ ಬೆರಳ ಹಿಡಿತಕ್ಕೆ ಗಿಟಾರಿನಲ್ಲಿ ಕಾರ್ಡ್ ಎನ್ನುತ್ತಾರೆ. ಅತಿ ತೆಳುವಾದ ತಂತಿ ಒಂದನೆಯದು, ಅತಿ ದಪ್ಪದ್ದು ಆರನೆಯದು. ಇ ಮೈನರ್ ಕಾರ್ಡಿಗೆ ಎರಡೇ ಬೆರಳು ಸಾಕು: ನಡುಬೆರಳು ಐದನೆಯ ತಂತಿಯ ಮೇಲೆ, ಉಂಗುರಬೆರಳು ನಾಲ್ಕನೆಯದರ ಮೇಲೆ, ಎರಡೂ 2ನೇ ಫ್ರೆಟ್‌ನಲ್ಲಿ. ಅದಕ್ಕೆ ತೋರುಬೆರಳನ್ನು ಮೂರನೆಯ ತಂತಿಯ 1ನೇ ಫ್ರೆಟ್‌ನಲ್ಲಿ ಸೇರಿಸಿದರೆ ಇ ಮೇಜರ್. ಇದೇ ಆಕಾರವನ್ನು ತೆಳು ತಂತಿಗಳ ಕಡೆಗೆ ಒಂದು ತಂತಿಯಷ್ಟು ಸರಿಸಿದರೆ ಎ ಮೈನರ್. ಮಗು ಮೂರು ಕಾರ್ಡ್ ಕಲಿಯಿತು, ಆದರೆ ಹೊಸದಾಗಿ ಕಲಿತ ಆಕಾರ ಒಂದೇ. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಎಂಬ ಬೋಧನಾ ಸೂತ್ರ ಇಲ್ಲಿ ಬೆರಳ ತುದಿಯಲ್ಲೇ ಇದೆ.

ಎಫ್ ಕಾರ್ಡಿನ ಪೂರ್ಣ ರೂಪದಲ್ಲಿ ತೋರುಬೆರಳು 1ನೇ ಫ್ರೆಟ್‌ನಲ್ಲಿ ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಬೇಕು. ಉಳಿದ ಮೂರು ಬೆರಳು ಇ ಮೇಜರ್ ಆಕಾರವನ್ನೇ ಒಂದು ಫ್ರೆಟ್ ಮುಂದೆ ಹಿಡಿಯಬೇಕು. ಮಗುವಿಗೆ ಇಷ್ಟದ ಹಾಡಿನಲ್ಲಿದೆ ಎಂದು ಮೊದಲ ವಾರವೇ ಇದನ್ನು ಹಿಡಿಸಿದರೆ ಬೆರಳು ನೋಯುತ್ತದೆ, ನಾದ ಬರುವುದಿಲ್ಲ. ಹಾಡನ್ನು ಬಿಡಬೇಕಾಗಿಲ್ಲ, ಶ್ರುತಿ ಬದಲಿಸಿ, ಸುಲಭ ಕಾರ್ಡ್‌ಗಳಲ್ಲಿ ಅದನ್ನೇ ಕೊಡಬಹುದು. ಹಾಗೆ ಮಾಡುವವರು ವಿಷಯವನ್ನೂ ಮಗುವನ್ನೂ ಬಲ್ಲವರು.

ತಪ್ಪಾದ ನಂತರದ ಒಂದು ನಿಮಿಷ

ವೀಕ್ಷಣೆಯಲ್ಲಿ ನಾನು ಅತಿ ಹೆಚ್ಚು ತೂಕ ಕೊಡುವುದು ಇದಕ್ಕೆ. ಮಗು ಕಾರ್ಡ್ ಹಿಡಿದು ಮೀಟಿತು, ತಂತಿ ಗರಗರ ಎಂದಿತು. "ಮತ್ತೆ ನುಡಿಸು" ಎನ್ನುವುದು ಬೋಧನೆಯಲ್ಲ. ಗಿಟಾರನ್ನು ತಾವೇ ತೆಗೆದುಕೊಂಡು ಸೊಗಸಾಗಿ ನುಡಿಸಿ ತೋರಿಸುವುದೂ ಅಷ್ಟೇ. ಒಳ್ಳೆಯ ಶಿಕ್ಷಕರು ತಂತಿಗಳನ್ನು ಒಂದೊಂದಾಗಿ ಮೀಟಿಸಿ ದೋಷ ಯಾವ ತಂತಿಯಲ್ಲಿದೆ ಎಂದು ಮಗುವಿನ ಕಿವಿಯಿಂದಲೇ ಕಂಡುಹಿಡಿಸುತ್ತಾರೆ. ಆಮೇಲೆ ಕಾರಣ ಹುಡುಕುತ್ತಾರೆ: ಬೆರಳು ಫ್ರೆಟ್‌ನಿಂದ ದೂರವಿದೆಯೇ? ಒತ್ತಡ ಸಾಲದೇ? ಬೆರಳು ವಾಲಿ ಪಕ್ಕದ ತಂತಿಗೆ ತಗಲುತ್ತಿದೆಯೇ? ಮೂರಕ್ಕೂ ಪರಿಹಾರ ಬೇರೆ ಬೇರೆ. ನಾವು ಹೇಳುವ ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎರಡೂ ಆ ಒಂದು ನಿಮಿಷದಲ್ಲಿ ನಡೆದುಹೋಗುತ್ತವೆ.

ಮನೆಯ ಅಭ್ಯಾಸ

"ದಿನಾ ಪ್ರಾಕ್ಟೀಸ್ ಮಾಡು" ಎಂಬ ಸೂಚನೆ ಅಳೆಯಲಾಗದ ಬೋಧನಾ ಉದ್ದೇಶದಂತೆ. "ಇ ಮೈನರ್‌ನಿಂದ ಎ ಮೈನರ್‌ಗೆ ತಾಳ ತಪ್ಪದೆ ಹತ್ತು ಸಲ ಬದಲಿಸು, ನಿಮಿಷಕ್ಕೆ 60 ಬಡಿತದ ವೇಗದಲ್ಲಿ" ಎಂದರೆ ಮಗುವಿಗೂ ಮನೆಯವರಿಗೂ ಗುರಿ ಸ್ಪಷ್ಟ. ಕರ್ನಾಟಕ ಸಂಗೀತದಲ್ಲಿ ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ ಗಟ್ಟಿಮಾಡಿ ಎರಡನೆಯ, ಮೂರನೆಯ ಕಾಲಕ್ಕೆ ಏರಿಸುವ ಕ್ರಮವನ್ನು ಬಲ್ಲವರಿಗೆ ಇದು ಹೊಸದಲ್ಲ.

ಪೋಷಕರಿಗೆ ಹೇಳಬೇಕಾದದ್ದು

ಹಣ ಕಟ್ಟುವ ಮೊದಲು ಒಂದು ತರಗತಿಯನ್ನು ಕುಳಿತು ನೋಡಲು ಅವಕಾಶ ಕೇಳಲಿ. ಶಿಕ್ಷಕರು ಎಷ್ಟು ಹೊತ್ತು ನುಡಿಸಿದರು, ಮಗು ಎಷ್ಟು ಹೊತ್ತು ನುಡಿಸಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಮಗುವಿನ ಮೈಯಳತೆಗೆ ತಕ್ಕ ಅರ್ಧ ಅಥವಾ ಮುಕ್ಕಾಲು ಗಾತ್ರದ ಗಿಟಾರನ್ನೂ ಉಕ್ಕಿನದಕ್ಕಿಂತ ಮೃದುವಾದ ನೈಲಾನ್ ತಂತಿಯನ್ನೂ ಶಿಕ್ಷಕರು ತಾವಾಗಿಯೇ ಸೂಚಿಸಿದರೆ ಅದು ಒಳ್ಳೆಯ ಲಕ್ಷಣ. ಗ್ರೇಡ್ ಪರೀಕ್ಷೆಯ ಪ್ರಮಾಣಪತ್ರ, ವೇದಿಕೆಯ ಹೆಸರು ಇವೆಲ್ಲ ಆಮೇಲಿನ ಮಾತು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಸಲಹೆ: ನಿಮ್ಮ ಬೋಧನಾ ವಿಷಯವಲ್ಲದ ಇಂಥ ಒಂದು ತರಗತಿಯನ್ನು ಅನುಮತಿ ಪಡೆದು ವೀಕ್ಷಿಸಿ, ನಮ್ಮ ವೀಕ್ಷಣಾ ನಮೂನೆಯಲ್ಲೇ ದಾಖಲಿಸಿ. ವಿಷಯ ನಿಮಗೆ ಗೊತ್ತಿಲ್ಲದ ಕಾರಣ ನಿಮ್ಮ ಗಮನ ಪೂರ್ತಿಯಾಗಿ ಕಲಿಯುವ ಮಗುವಿನ ಮೇಲೆ ನಿಲ್ಲುತ್ತದೆ. ಆ ದಾಖಲೆಯನ್ನು ಮುಂದಿನ ವಾರದ ನಿಮ್ಮ ಪಾಠ ಯೋಜನೆಯ ಪಕ್ಕದಲ್ಲಿಟ್ಟು ಓದಿ.